ಅಪ್ಪನ ಟ್ಯಾಂಕು

ಟ್ಯಾಂಕಿನ ನೆತ್ತಿಯ ಮೇಲೆ ನೊಣ ಕೂತಿದೆ, ಹಾಳಾದ್ದಕ್ಕೆ ಬೇರೆ ಜಾಗ ಸಿಗಲಿಲ್ಲವೇ, ಮೂವತ್ತೈದರಲ್ಲಿ ಒಂದು ಪಾಲಿನ ಅಳತೆಗೆ ಅದು ನೊಣವಲ್ಲ, ಕೊಬ್ಬಿದ ಹುಂಜ, ಯುದ್ಧದ ಟ್ಯಾಂಕಿನ ಮೇಲೆ ಹುಂಜವೊಂದು ಕೂತು ಕೈ ಉಜ್ಜಿಕೊಳ್ಳುತ್ತಿದೆ ಎಂದು ಮಾದರಿಗಳ ಸ್ಪರ್ಧೆಯ ತೀರ್ಪುಗಾರರು ಬರೆದುಕೊಂಡರೆ ಮುಗಿಯಿತು ಕಥೆ — ಕನ್ನಡಕದಂಗಡಿಯವನು ಊದಲೆಂದು ತುಟಿ ಮುಂದೆ ಮಾಡಿದವನು ಹಾಗೇ ನಿಂತ, ಊದಿದರೆ ನೊಣದ ಜೊತೆ ಧೂಳೂ ಹಾರೀತು, ಅದೇನು ತಾನಾಗಿ ಬಿದ್ದ ಧೂಳೇ, ಹನ್ನೊಂದು ಮಧ್ಯಾಹ್ನ ಕೂತು ಸೀಮೆಸುಣ್ಣ ಅರೆದು ಕುಂಚದ ತುದಿಯಲ್ಲಿ ಹಚ್ಚಿದ ಧೂಳು, ಮನೆ ಧೂಳು ಒರೆಸೋಕೆ ನಾನು, ಆಟಿಕೆಗೆ ಧೂಳು ಹಚ್ಚೋಕೆ ನೀವು, ಒಳ್ಳೆ ಜೋಡಿ ಕಣ್ರೀ ನಮ್ದು, ಎಂದಿದ್ದಳು ಹೆಂಡತಿ, ಆಟಿಕೆ ಅಲ್ಲ ಕಣೇ, ಮಾದರಿ, ಎಂದು ಇಪ್ಪತ್ತು ವರ್ಷದಿಂದ ಹೇಳುತ್ತಲೇ ಇದ್ದಾನೆ, ಅವಳು ಇಪ್ಪತ್ತು ವರ್ಷದಿಂದ ಹೂಂ ಎನ್ನುತ್ತಲೇ ಇದ್ದಾಳೆ, ಪಾತ್ರೆ ತಿಕ್ಕುವ ಕಬ್ಬಿಣದ ನಾರನ್ನು ವಿನೆಗರಿನಲ್ಲಿ ನೆನೆಹಾಕಿ ಟ್ಯಾಂಕಿಗೆ ಹಚ್ಚಲು ತುಕ್ಕು ಬರಿಸಿದಾಗಲೂ ಹೂಂ, ಅವಳ ಹಲ್ಲುಜ್ಜುವ ಬ್ರಷ್ಷಿನಿಂದ ಟ್ಯಾಂಕಿಗೆ ಕೆಸರು ಸಿಡಿಸಿ ಮತ್ತೆ ಅದೇ ಲೋಟದಲ್ಲಿಟ್ಟ ದಿನ ಮಾತ್ರ ಹೂಂ ಎನ್ನಲಿಲ್ಲ, ಆ ದಿನದ ಮಾತು ಈಗ ಬೇಡ. ಸದ್ಯ, ನೊಣವೇ ಎದ್ದು ಪಕ್ಕದ ಮೇಜಿಗೆ ಹೋಯಿತು, ಹಲ್ಲಿನ ಡಾಕ್ಟರ ಮೇಜಿಗೆ, ಹೋಗಲಿ, ಅಲ್ಲೇ ಸಂಸಾರ ಹೂಡಲಿ, ಪ್ರತಿ ವರ್ಷ ಮೊದಲ ಬಹುಮಾನ ಹೊಡೆಯುವ ಆಸಾಮಿ, ಹಲ್ಲಿನ ಅಚ್ಚು ತೆಗೆಯುವ ಗಾರೆಯಲ್ಲೇ ರಣರಂಗ ಕಟ್ಟುತ್ತಾನೆ, ಹಲ್ಲು ಕೊರೆಯುವ ಯಂತ್ರದಲ್ಲೇ ಗುಂಡು ತಗುಲಿದ ಗುರುತು ಕೊರೆಯುತ್ತಾನೆ, ಕನ್ನಡಕದಂಗಡಿಯಲ್ಲಿ ಅಂಥದ್ದೇನಿದೆ, ತಿರುಪುಳಿ ಒಂದು ಬಿಟ್ಟರೆ. ತೀರ್ಪುಗಾರರಾದ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಭೂತಗನ್ನಡಿ ಹಿಡಿದು ಐದನೇ ಮೇಜಿನ ಮೇಲೆ ಬಗ್ಗಿದ್ದಾರೆ, ಇವನದು ಒಂಬತ್ತನೆಯದು, ನಡುವೆ ಇನ್ನು ಮೂರೇ ಮೇಜಿನಷ್ಟು ಆಯುಷ್ಯ, ಅಷ್ಟರಲ್ಲಿ ಒಂದು ತೀರ್ಮಾನವಾಗಬೇಕು, ಹಳದಿ ಬಟ್ಟೆ ತೆಗೆಯುವುದೋ ಬೇಡವೋ.

ಹಳದಿ ಬಟ್ಟೆ, ಕನ್ನಡಕದ ಗಾಜು ಒರೆಸುವಂಥದ್ದು, ಟ್ಯಾಂಕಿನ ಮುಂದಿನ ಅಂಗೈಯಗಲ ನೆಲವನ್ನು ಮುಚ್ಚಿಕೊಂಡು ಕೂತಿದೆ, ಅದರಡಿ ಇರುವುದನ್ನು ಅಪ್ಪ ಇನ್ನೂ ನೋಡಿಲ್ಲ, ಅಪ್ಪ ಪಕ್ಕದಲ್ಲೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮಂಡಿಗಳ ನಡುವೆ ಕೋಲು ನಿಲ್ಲಿಸಿಕೊಂಡು ಕೂತಿದ್ದಾರೆ, ಎಂಬತ್ತೆರಡು ವರ್ಷ, ಬೀದಿಗೆಲ್ಲ ಟ್ಯಾಂಕ್ ತಾತ, ಸೈನ್ಯದಲ್ಲಿ ಹನ್ನೆರಡು ವರ್ಷ ಟ್ಯಾಂಕು ಓಡಿಸಿದವರು, ಕ್ಷೌರದಂಗಡಿಗೆ ಹೋದರೆ ಅರ್ಧ ಗಡ್ಡದವನನ್ನೂ ಎಬ್ಬಿಸಿ ಅವರನ್ನು ಕೂರಿಸುತ್ತಾರೆ, ನಮ್ಮಪ್ಪ ಟ್ಯಾಂಕು ಓಡಿಸ್ತಾರೆ ಎಂದಾಗ ನಕ್ಕ ಸಹಪಾಠಿಯ ಮೂಗಿಗೆ ಗುದ್ದಿ ಇವನು ಒಂದು ದಿನವಿಡೀ ಬೆಂಚಿನ ಮೇಲೆ ನಿಂತಿದ್ದ, ಬೆಂಚಿನ ಮೇಲೂ ಎದೆಯುಬ್ಬಿಸಿಯೇ ನಿಂತಿದ್ದ, ಆ ಗುದ್ದಿನಿಂದಲ್ಲವೇ ಇದೆಲ್ಲ ಶುರುವಾದದ್ದು, ಇಪ್ಪತ್ತಮೂರು ಟ್ಯಾಂಕು, ಕಪಾಟು ತುಂಬಿ, ಬೀರುವಿನ ತಲೆ ತುಂಬಿ, ಈಗ ಮಂಚದಡಿ. ಮೂರು ವಾರದ ಹಿಂದೆ ಇಪ್ಪತ್ತನಾಲ್ಕನೆಯದರ ಮುಚ್ಚಳಕ್ಕೆ ಎಳ್ಳಿನಷ್ಟು ಹಿಡಿಕೆ ಅಂಟಿಸುತ್ತಿದ್ದಾಗ ಅಪ್ಪ ಹಿಂದೆ ಬಂದು ನಿಂತು, ವೈಪರ್ ಎಲ್ಲೋ, ಎಂದರು. ಯಾವ ವೈಪರ್ ಅಪ್ಪ. ಮುಂದಿನ ಗಾಜಿಗೆ ಕಣೋ, ಮಳೆ ಬಂದ್ರೆ ಡ್ರೈವರ್ ಏನ್ ಮಾಡ್ಬೇಕು, ನನ್ನ ಟ್ಯಾಂಕಲ್ಲಿ ಅದು ಅರ್ಧಕ್ಕೇ ನಿಂತುಬಿಡೋದು, ಕೈ ಹೊರಗೆ ಹಾಕಿ ಒರೆಸ್ಕೊಂಡು ಓಡಿಸ್ತಿದ್ದೆ, ಎಂದು ಮಜ್ಜಿಗೆ ಕುಡಿಯಲು ಒಳಗೆ ಹೋದರು. ಗಾಜು, ಯುದ್ಧದ ಟ್ಯಾಂಕಿಗೆ ಗಾಜು, ಗಾಜಿಗೊಂದು ವೈಪರ್, ಇನ್ನು ಹಾರ್ನೂ ಇತ್ತೋ ಏನೋ, ಇಪ್ಪತ್ತಮೂರು ಟ್ಯಾಂಕುಗಳ ಒಂದೊಂದು ತಿರುಪನ್ನೂ ಬಲ್ಲವನು ಕಲ್ಲಾಗಿ ಕೂತ, ಎಚ್ಚರವಾದಾಗ ಚಿಮಟ ಬೆರಳಿಗೆ ಅಂಟಿಕೊಂಡಿತ್ತು, ಹೆಂಡತಿ ಬೆರಳನ್ನು ಬಿಸಿನೀರಿನಲ್ಲಿ ಅದ್ದಿ ಬಿಡಿಸುತ್ತ, ಈಗ ಗೊತ್ತಾಯ್ತಾ ನಿಮಗೆ, ಅತ್ತೆ ನನಗೆ ಮದುವೆಯಾದ ವರ್ಷವೇ ಹೇಳಿದ್ರು, ಮಾವ ಓಡಿಸ್ತಿದ್ದಿದ್ದು ನೀರಿನ ಟ್ಯಾಂಕು ಅಂತ, ಎಂದಳು. ನೀರಿನ ಟ್ಯಾಂಕು! ಮತ್ತೆ ನನಗ್ಯಾಕೆ ಹೇಳ್ಲಿಲ್ಲ. ಅತ್ತೆ ಬೇಡ ಅಂದ್ರು, ಅದಕ್ಕೋಸ್ಕರ ಯಾರದೋ ಮೂಗು ಒಡ್ದಿದಾನೆ, ಪಾಪ, ಈಗ ಹೇಳಿದ್ರೆ ಆ ಮೂಗಿಗೆ ಯಾರು ಜವಾಬು ಅಂದ್ರು.

ಸೈನ್ಯದ ನೀರಿನ ಲಾರಿಯ ಬಿಡಿಭಾಗಗಳು ಯಾವ ಮಾದರಿಯ ಪೆಟ್ಟಿಗೆಯಲ್ಲೂ ಬರುವುದಿಲ್ಲ, ಹುಲಿ ಗೊಂಬೆ ಕೊಳ್ಳುವವರಿದ್ದಾರೆ, ಕತ್ತೆ ಗೊಂಬೆ ಯಾರು ಕೊಳ್ಳುತ್ತಾರೆ, ಇವನೇ ಕೂತು ಕಟ್ಟಿದ, ಕಣ್ಣಿಗೆ ಹಾಕುವ ಔಷಧಿಯ ಬಾಟಲಿಯನ್ನು ಅಡ್ಡ ಮಲಗಿಸಿ ನೀರಿನ ಪೀಪಾಯಿ, ಕನ್ನಡಕದ ತಿರುಪಿನಿಂದ ನಲ್ಲಿ, ಮುಂದಿನ ಗಾಜು ಮಾತ್ರ ಅಪ್ಪಟ ಲೆನ್ಸಿನ ಚೂರು, ಹಲ್ಲಿನ ಡಾಕ್ಟರು ಏಳು ಜನ್ಮ ಎತ್ತಿದರೂ ಅಂಥ ಗಾಜು ಕೂರಿಸಲಾರ, ಕಟ್ಟುತ್ತ ಕಟ್ಟುತ್ತ ಅಪ್ಪನ ಕಥೆಗಳೆಲ್ಲ ತಿರುಗಿ ನಿಂತವು, ನನ್ನ ಟ್ಯಾಂಕು ಕಂಡ್ರೆ ಸಾಕು ಹುಡುಗ್ರು ಟೋಪಿ ಹಾರಿಸೋರು ಕಣೋ, ಎನ್ನುತ್ತಿದ್ದರಲ್ಲ, ತೋಪು ಕಂಡು ಯಾರಾದರೂ ಟೋಪಿ ಹಾರಿಸುತ್ತಾರೆಯೇ, ಮೂರು ದಿನ ಬಾಯಾರಿದವರು ನೀರು ಕಂಡು ಹಾರಿಸಿದ್ದು, ನಲವತ್ತು ವರ್ಷ ಕೇಳಿದರೂ ತಲೆಗೆ ಹತ್ತಲಿಲ್ಲವಲ್ಲ. ಹೆಂಡತಿ ಮಾತ್ರ, ಮಾವನ ಮಾನಾನ ಮೇಜಿನ ಮೇಲೆ ಹರಡೋಕೆ ಹೊರಟಿದ್ದೀರಾ, ಆ ಕ್ಷೌರದಂಗಡಿಯವನಿಗೆ ಗೊತ್ತಾದ್ರೆ ನಾಳೆಯಿಂದ ಅವರನ್ನ ಸಾಲಲ್ಲಿ ಕೂರಿಸ್ತಾನೆ, ಎಂದಳು. ಮಾನ ತೆಗೆಯುವುದಲ್ಲ ಕಣೇ, ಮಾನ ಕೊಡುವುದು, ಎಂದು ಮನೆಯಲ್ಲಿ ದೊಡ್ಡದಾಗಿ ಹೇಳಿದ್ದ, ಇಲ್ಲಿ ನಾಲಿಗೆ ಒಣಗುತ್ತಿದೆ, ಅದಕ್ಕೇ ಲಾರಿಯನ್ನು ನೆಲಕ್ಕೆ ಅಂಟಿಸಿಲ್ಲ, ಬಟ್ಟೆಯ ಸಮೇತ ಬಾಚಿ ಜೇಬಿಗಿಳಿಸಿದರೆ ಆಯಿತು, ಅಪ್ಪ ಸಾಯುವವರೆಗೂ ಟ್ಯಾಂಕ್ ತಾತನೇ, ಅಯ್ಯೋ, ಹಳೇ ಕನ್ನಡಕ ಹಾಕಿಸಿಯಾದರೂ ಕರೆತರಬಾರದಿತ್ತೇ, ಹೋದ ವಾರ ತಾನೇ ಪರೀಕ್ಷೆ ಮಾಡಿ ಹೊಸದು ಕೊಟ್ಟದ್ದು, ಇರುವೆ ಮೀಸೇನೂ ಕಾಣುತ್ತೆ ಕಣೋ ಎಂದು ಹೊಗಳಿಸಿಕೊಂಡದ್ದು, ತನ್ನ ಗುಂಡಿಯನ್ನು ತಾನೇ ಇಷ್ಟು ಚೊಕ್ಕವಾಗಿ ತೋಡಿಕೊಂಡವರುಂಟೇ — ಸಾರ್ ಇವರೇ ನೋಡಿ, ನಮ್ಮ ಟ್ಯಾಂಕ್ ತಾತ, ನಿಜವಾದ ಟ್ಯಾಂಕು ಓಡಿಸಿದವರು, ಹಲ್ಲಿನ ಡಾಕ್ಟರ ದನಿ, ಮೇಷ್ಟ್ರು ಎಂಟನೆಯದನ್ನು ಮುಗಿಸಿ ಬಂದೇಬಿಟ್ಟಿದ್ದಾರೆ, ಈ ಹಲ್ಲಿನವನಿಗೆ ಯಾರು ಕೇಳಿದ್ದರು, ಈಗ, ಈಗಲೇ, ಬಾಚಿ ಜೇಬಿಗೆ, ಕೈ ಹೋಯಿತು, ಅದಕ್ಕಿಂತ ಮೊದಲು ಅಪ್ಪನ ಕೋಲು ಬಂತು, ಇದೇನೋ ಬಟ್ಟೆ, ಯಾಕೆ ಮುಚ್ಚಿಟ್ಟಿದೀಯ, ಕೋಲಿನ ತುದಿ ತೋಪಿನ ಕೂದಲೆಳೆ ಪಕ್ಕದಲ್ಲಿ ಹಾದು ಬಟ್ಟೆಯನ್ನು ಎತ್ತಿ ಆಚೆ ಹಾಕಿತು.

ಲಾರಿ, ಲಾರಿಯ ನಲ್ಲಿ, ನಲ್ಲಿಯ ಮುಂದೆ ಟ್ಯಾಂಕಿನಿಂದಿಳಿದ ಐದು ಜನ ಸೈನಿಕರ ಸಾಲು, ಒಬ್ಬೊಬ್ಬರ ಕೈಯಲ್ಲೂ ಮಗ್ಗು. ಅಪ್ಪನ ಮುಖ ನೋಡುವ ಧೈರ್ಯವಿಲ್ಲ, ಅಪ್ಪನ ಬೂಟು ನೋಡಿದ, ಮೇಷ್ಟ್ರು ಬಗ್ಗಿ, ಇದರಲ್ಲಿ ನಿಮ್ಮದು ಯಾವುದು ಯಜಮಾನ್ರೇ, ಎಂದರು, ಅಪ್ಪನ ಬೆರಳು ಎದ್ದಿತು, ಟ್ಯಾಂಕಿನ ನೆತ್ತಿಗೆ ಬಂತು, ಅಲ್ಲೇ ಇಳಿದುಬಿಡಲಿ, ಹೂಂ ಅಪ್ಪ, ಅದೇ ಅನ್ನಿ, ನಾನೇನೂ ಅನ್ನುವುದಿಲ್ಲ, ಬೆರಳು ತೋಪಿನುದ್ದಕ್ಕೂ ಜಾರಿ, ತುದಿ ದಾಟಿ, ಲಾರಿಯ ಮೇಲೆ ನಿಂತಿತು. ಇದು. ಇದು ನೀರಿನ ಲಾರಿ ಅಲ್ವಾ, ಎಂದರು ಮೇಷ್ಟ್ರು. ಟ್ಯಾಂಕು, ನೀರಿನ ಟ್ಯಾಂಕು, ನಾನು ಯಾವತ್ತೂ ಟ್ಯಾಂಕು ಅಂತಲೇ ಹೇಳಿದ್ದು ಸ್ವಾಮಿ, ತೋಪು ಇವರೇ ಅಂಟಿಸಿಕೊಂಡ್ರು. ಹಲ್ಲಿನ ಡಾಕ್ಟರು ಬಾಯಿ ತೆರೆದ, ಅವನ ರೋಗಿಗಳೂ ಅಷ್ಟಗಲ ತೆರೆಯುವುದಿಲ್ಲ, ಮೇಷ್ಟ್ರು ನಕ್ಕರು, ಅಪ್ಪ ನಗಲಿಲ್ಲ, ಕನ್ನಡಕ ಏರಿಸಿಕೊಂಡು ಮೂಗು ತಾಗುವಷ್ಟು ಹತ್ತಿರ ಬಗ್ಗಿ ಒಂದು ಕಡೆಯಿಂದ ನೋಡುತ್ತ ಬಂದರು, ಎಲ್ಲಾ ಸರಿಯಾಗಿದೆ ಕಣೋ, ಒಂದು ಬಿಟ್ಟು. ಯಾವುದಪ್ಪ, ಚಕ್ರವೇ, ಬಣ್ಣವೇ, ಪೀಪಾಯಿಯ ಉದ್ದವೇ. ಈ ಮೊದಲನೆಯವನು ನೋಡು, ನಲ್ಲಿ ಬಿಟ್ಟು ಆಚೆ ತಿರುಗಿದಾನೆ, ಅಂದ್ಮೇಲೆ ಅವನ ಸರದಿ ಮುಗೀತು, ಮತ್ತೆ ಮಗ್ಗು ಖಾಲಿ ಇದೆಯಲ್ಲೋ, ಹನ್ನೆರಡು ವರ್ಷದಲ್ಲಿ ನನ್ನ ಟ್ಯಾಂಕಿಂದ ಒಬ್ಬನೂ ಖಾಲಿ ಮಗ್ಗು ಹಿಡ್ಕೊಂಡು ವಾಪಸ್ ಹೋಗಿಲ್ಲ. ಮೇಷ್ಟ್ರು ಭೂತಗನ್ನಡಿ ಅಲ್ಲಿಗೆ ಹಿಡಿದರು, ಹೌದಲ್ರೀ, ಎಂದರು, ಏನೋ ಬರೆದುಕೊಂಡರು, ಎರಡನೆಯ ಬಹುಮಾನ ಎಂದರೋ ಮೂರನೆಯದು ಎಂದರೋ, ಹಲ್ಲಿನ ಡಾಕ್ಟರು ಇವನ ಬೆನ್ನು ತಟ್ಟಿದ, ಇವನಿಗೆ ಒಂದೂ ಕೇಳಿಸಲಿಲ್ಲ, ಭೂತಗನ್ನಡಿಯೊಳಗೆ ಸಾಸಿವೆಯಷ್ಟಿದ್ದ ಮಗ್ಗು ಈಗ ಬಾವಿಯಷ್ಟಾಗಿದೆ, ಒಳಗೆ ತಾನೇ ಬಳಿದ ಕಪ್ಪು, ತಳದವರೆಗೂ ಕಪ್ಪು, ಅದನ್ನು ಎರಡೂ ಕೈಯಲ್ಲಿ ಜೋಪಾನವಾಗಿ ಹಿಡಿದು, ತುಳುಕೀತೆಂದು ಮೆಲ್ಲಗೆ ಹೆಜ್ಜೆಯಿಡುತ್ತಿರುವ ಸೈನಿಕ, ಆ ಮಗ್ಗು, ಖಾಲಿ, ಆ ಖಾಲಿ ಮಗ್ಗು —