ಹಸಿಮೆಣಸಿನಕಾಯಿ ಹಾಕದ ನುಚ್ಚಿನುಂಡೆ

ಈ ಸಬ್ಬಸಿಗೆ ಘಮ, ಬೆರಳಿಗೆ ಹತ್ತಿದರೆ ಸೋಪು ಹಚ್ಚಿ ತೊಳೆದರೂ ಹೋಗುವುದಿಲ್ಲ, ಹೋಗದಿರಲಿ, ಸೊಸೆಯ ಮೈಗೆ ಹತ್ತಲಿ, ಹಾಲಾಗಿ ಇಳಿಯಲಿ — ಹೆಸರುಬೇಳೆ ತರಿತರಿಯಾಗಿ ರುಬ್ಬಿದ್ದಾಯಿತು, ಕಡ್ಲೆಬೇಳೆ ಬೇಡ, ವಾಯು, ಹಸಿಮೆಣಸಿನಕಾಯಿ ಬೇಡ, ಕಾಳುಮೆಣಸು ಸಾಕು, ಬೆಳ್ಳುಳ್ಳಿ, ಕಾಯಿತುರಿ, ಸೊಪ್ಪು ಇನ್ನೊಂದು ಹಿಡಿ ಇರಲಿ, ಮುಷ್ಟಿಯಲ್ಲಿ ಒತ್ತಿದರೆ ಉಂಡೆ — ಅಗೋ ಮತ್ತೆ ಶುರುವಾಯಿತು ಕೂಸಿನ ಅಳು, ನನ್ನ ಮಗಳು ದಾಕ್ಷಾಯಿಣಿಯ ಕೂಸು, ಅವಳ ಎದೆಯಲ್ಲಿ ತೊಟ್ಟು ಹಾಲಿಲ್ಲ, ಡಬ್ಬಿ ಹಾಲು ಕೊಟ್ಟರೆ ಕಕ್ಕುತ್ತದೆ, ತೂಕ ಇಳೀತಾ ಐತಮ್ಮ ಅಂದರು ಡಾಕ್ಟರು. ಆ ಕಡೆ ಕೋಣೆಯಲ್ಲಿ ಸೊಸೆ ಬಿಂದು, ಹೆತ್ತದ್ದು ಸತ್ತೇ ಹುಟ್ಟಿತು, ಅವಳಿಗೆ ಹಾಲೋ ಹಾಲು, ಹಸಿರು ರವಿಕೆ ಸದಾ ಒದ್ದೆ, ನೋವಿಗೆ ಬಚ್ಚಲಲ್ಲಿ ಹಿಂಡಿ ಬರುತ್ತಾಳೆ, ಬೆಳಿಗ್ಗೆ ನೋಡಿದೆ ಕಲ್ಲಿನ ಮೇಲೆ ಬಿಳಿ ಕಲೆ, ನನ್ನ ಮೊಮ್ಮಗನ ಹಾಲು — ಶಿವನೇ, ತಪ್ಪು ಕೋಣೆಗೆ ಕಳಿಸಿದೆಯಲ್ಲೋ.

ನಾದಿನಿ ಕೂಸಿಗೆ ಒಂದೀಟು ಕುಡಿಸೇ ಅಂದರೆ ಗೋಡೆ ಕಡೆ ತಿರುಗಿ ಮಲಗಿದಳು, ಎಷ್ಟು ಕೊಬ್ಬು, ತಾಯಿಯಿಲ್ಲದವಳು ಅಂತ ಬಾಣಂತನ ಇಲ್ಲೇ ಇಟ್ಟುಕೊಂಡವಳು ನಾನು — ಅವಳಿಗೆ ಬೇಕಾದದ್ದು ಮಲ್ಲಿಗೆ, ಎದೆಗೆ ಕಟ್ಟಿಕೊಂಡು ಹಾಲು ಬತ್ತಿಸಬೇಕಂತೆ, ಒಂದು ಮಾರು ಹೂವು ತರ್ರಿ ಅತ್ತೆ, ತಡಿಯಾಕಾಗಲ್ಲ. ಹೊಸದುರ್ಗದ ಸಂತೆಯಲ್ಲಿ ಹಿರಿಯೂರಿನ ಮಲ್ಲಿಗೆ ಬುಟ್ಟಿಗಟ್ಟಲೆ ಇತ್ತು, ಪಕ್ಕದವಳ ಹತ್ತಿರ ಸಬ್ಬಸಿಗೆ ಕೊಂಡು ಬಂದೆ, ಹೂವೇ ಬಂದಿಲ್ಲ ಕಣೇ ಇವತ್ತು ಅಂದೆ, ನಂಬಿದಳು ಪೆದ್ದಿ. ಆವತ್ತೂ ಹೀಗೇ, ಸತ್ತು ಹುಟ್ಟಿದ ಅದನ್ನು ಬಟ್ಟೆ ಸುತ್ತಿ ಒಯ್ಯುವಾಗ ಒಂದ್ಸಲ ಮುಖ ತೋರಿಸ್ರಿ ಅತ್ತೆ ಅಂತ ಕೈಚಾಚಿದಳು, ಬೇಡ ಅಂದೆ, ಮನೆಯಲ್ಲಿ ತುಂಬು ಬಸುರಿ ಮಗಳು, ಆ ಗೋಳು ಅವಳ ಕಿವಿಗೆ ಬೀಳಬೇಕೇ, ಬಾಗಿಲು ಹಾಕಿಕೊಂಡೆ, ನನ್ನ ಜಾಗದಲ್ಲಿ ಯಾರಿದ್ದರೂ ಹಾಕಿಕೊಳ್ಳುತ್ತಿದ್ದರು.

ಹಬೆ ಬಂತು, ಇಡ್ಲಿ ಪಾತ್ರೆಯ ಮುಚ್ಚಳ ತೆಗೆದರೆ ಮನೆಯೆಲ್ಲ ಸಬ್ಬಸಿಗೆ, ಮೇಲೆ ತುಪ್ಪ, ಬಿಂದು ಮುಂದೆ ತಟ್ಟೆ ಇಟ್ಟೆ, ಮುರಿದಳು, ಬಾಯಿಗಿಟ್ಟಳು, ಅಗಿಯುತ್ತಾ ನನ್ನನ್ನೇ ನೋಡಿದಳು — ಹಸಿಮೆಣಸಿನಕಾಯಿ ಹಾಕಿಲ್ಲ, ಹಾಲಿಳಿಸೋ ಬಾಣಂತಿ ಉಂಡೆ ಅಲ್ವಾ ಅತ್ತೆ — ನಾನು ಇನ್ನಷ್ಟು ತುಪ್ಪ ಸುರಿದೆ, ಅವಳೇ ತಟ್ಟೆ ಮುಂದೆ ಹಿಡಿದಳು, ಇನ್ನೆರಡು ಹಾಕ್ರಿ. ತಿಂದಳು! ಗೆದ್ದೆ ಅಂದುಕೊಂಡೆ, ಸಂಜೆಯ ತನಕ ಕಾದೆ, ಕೂಸು ಅತ್ತೂ ಅತ್ತೂ ದನಿ ಸಣ್ಣಗಾಗಿದೆ, ಎತ್ತಿಕೊಂಡು ಓಡಿದರೆ ಕೋಣೆ ಖಾಲಿ, ಬಚ್ಚಲ ಬಾಗಿಲು ತೆರೆದೇ ಇದೆ, ಬೇಕೆಂದೇ ತೆರೆದಿಟ್ಟಿದ್ದಾಳೆ, ಕುಕ್ಕರುಗಾಲಲ್ಲಿ ಕೂತು ರವಿಕೆ ಬಿಚ್ಚಿ ಹಿಂಡುತ್ತಿದ್ದಾಳೆ, ಬೇಡ ಕಣೇ, ನಿನ್ನ ಕಾಲಿಗೆ ಬೀಳ್ತೀನಿ, ಸಾಯ್ತೈತೆ ಕಣೇ — ಒಂದ್ಸಲ ಮುಖ ತೋರಿಸ್ರಿ ಅತ್ತೆ — ಬಟ್ಟೆ ಸರಿಸಿ ತೋರಿಸಿದೆ, ನೋಡಿದಳು, ಕಣ್ಣು ತುಂಬಾ ನೋಡಿದಳು, ಕೈ ನಿಲ್ಲಲಿಲ್ಲ, ಕೂಸು ಬಾಯಿ ತೆರೆಯಿತು, ಕಲ್ಲಿನ ಮೇಲೆ ಹಾಲು, ತೂಬಿನ ಕಡೆಗೆ ಹರಿಯುತ್ತಿದೆ, ಕೂಸಿನ ಬಾಯಿ ತೆರೆದೇ ಇದೆ, ಕಲ್ಲಿನ ಮೇಲೆ ಹಾಲು, ಕಲ್ಲಿನ ಮೇಲೆ