ಮಾಡಿಗೆ ಎಸೆಯದ ಹಲ್ಲು

ಮಡಂತ್ಯಾರಿನ ಸಂತೆಯಲ್ಲಿ ಕಪ್ಪೆಯ ಕಥೆ ಹೇಳಿದ್ದೇ ಚಂದ್ರರಾಜನಿಗೆ ಮುಳುವಾಯಿತು.

ಕುಟುಂಬ ಯೋಜನೆಯ ಪ್ರಚಾರಕನಾಗಿ ಬೆಳ್ತಂಗಡಿ ತಾಲೂಕನ್ನು ಎರಡು ವರ್ಷ ಸುತ್ತಿದ ಮೇಲೆ ಅವನಿಗೆ ಒಂದು ವಿಷಯ ಮನದಟ್ಟಾಗಿತ್ತು. ಜನಸಂಖ್ಯೆ, ಅಕ್ಕಿಯ ಅಭಾವ ಎಂದು ಬಾಯಿ ತೆರೆದರೆ ಕೇಳುವವರು ಆಕಳಿಸುತ್ತಾರೆ. ಆ ದಿನ ಸಭೆ ಚದುರತೊಡಗಿದ್ದನ್ನು ಕಂಡು, ಪತ್ರಿಕೆಯಲ್ಲಿ ಓದಿದ್ದೊಂದು ಸುದ್ದಿಯನ್ನು ಬಿಚ್ಚಿದ. ಪರದೇಶದ ವಿಜ್ಞಾನಿಯೊಬ್ಬ ಕಪ್ಪೆಮರಿಯ ಕರುಳಿನಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಚೂರನ್ನು ತೆಗೆದು, ಒಳಗಿನ ಜೀವ ತೆಗೆದ ಮೊಟ್ಟೆಯೊಂದರಲ್ಲಿಟ್ಟು, ಅದೇ ಕಪ್ಪೆಯನ್ನು ಮತ್ತೊಮ್ಮೆ ಹುಟ್ಟಿಸಿದನಂತೆ.

"ಮಾವಿಗೆ ಕಸಿ ಕಟ್ಟಿದ ಹಾಗೆ! ನಾಳೆ ಮನುಷ್ಯರಿಗೂ ಆದೀತು!" ಎಂದು ಕೂಗಿದ.

ಮುದುಕ ಚಿನ್ನಯ್ಯ ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಎದ್ದ. "ನಮಗೆ ಮಕ್ಕಳು ಬೇಡ ಅಂತೀರಿ, ಸರಕಾರವೇ ಜನ ಮಾಡ್ತದೆ ಅಂತಲೂ ಹೇಳ್ತೀರಿ. ಆಗಲಿ ಮಾರಾಯ್ರೇ. ನಮ್ಮ ಹಳೇ ಪಟೇಲರನ್ನು ಮಾತ್ರ ಇನ್ನೊಂದು ಮಾಡಬೇಡಿ ಅಂತ ಬರೆದುಕೊಳ್ಳಿ."

ಸಂತೆಯೇ ನಕ್ಕಿತು. ಆ ನಗು ಅವನಿಗಿಂತ ಮೊದಲೇ ಬಸ್ಸು ಹತ್ತಿ ಶಿರ್ತಾಡಿಗೆ ತಲುಪಿತು.

ಶಿರ್ತಾಡಿಯಲ್ಲಿ ಇದ್ದದ್ದು ಅವನ ತಾಯಿ ರಾಜಮತಿ, ತಂಗಿ ಪದ್ಮಲತಾ ಮತ್ತು ಪದ್ಮಲತಾಳ ಐದು ಗಂಡುಮಕ್ಕಳು. ಅಳಿಯಸಂತಾನದ ಜೈನ ಮನೆ, ಅಂದರೆ ಮನೆತನ ಮುಂದುವರಿಯುವುದು ಹೆಣ್ಣಿನಿಂದ. ಗಂಡುಮಕ್ಕಳು ಐವರಿರಲಿ, ಐವತ್ತು ಮಂದಿ ಇರಲಿ, ಅವರ ಸಂತಾನ ಅವರ ಹೆಂಡಿರ ಮನೆಗೆ ಸೇರಿದ್ದು. ಚಂದ್ರರಾಜನ ಮಕ್ಕಳೂ ಹಾಗೆಯೇ. ಮನೆಗೆ ಇದ್ದ ಒಬ್ಬಳೇ ಹುಡುಗಿ, ಪದ್ಮಲತಾಳ ಏಳು ವರ್ಷದ ಮಗಳು ಅನಂತಮತಿ, ಹಿಂದಿನ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡಿದ್ದಳು. ಇನ್ನೊಂದು ಹೆರಿಗೆಯಾದರೆ ತಾಯಿ ಉಳಿಯುವುದಿಲ್ಲ ಎಂದು ಡಾಕ್ಟರರು ಪದ್ಮಲತಾಳ ಕಡೆಗೆ ಬೆರಳು ತೋರಿಸಿ ಹೇಳಿದ್ದರು. ಇನ್ನೊಂದು ಹೆರಿಗೆ ಆಗಲೇಬೇಕು ಎಂದು ರಾಜಮತಿ ಹಟ ಹಿಡಿದಿದ್ದರು.

ಮರುದಿನ ಬಂಟ್ವಾಳದಲ್ಲಿ ಗಂಡಸರ ಆಪರೇಷನ್ನಿನ ಕ್ಯಾಂಪು. ಪದ್ಮಲತಾಳ ಗಂಡ, ಭಾವ ಹೇಮರಾಜ ಒಪ್ಪಿದ್ದ. ಒಪ್ಪಿಗೆಯ ಕಾಗದಕ್ಕೆ ಹೆಂಡತಿಯ ಸಹಿ ಮಾತ್ರ ಬೇಕಾಗಿತ್ತು.

"ಆ ಮನೆಯಲ್ಲಿ ನಾನು ಬಾಯಿ ತೆರೆಯುವುದು ಊಟಕ್ಕೆ ಮಾತ್ರ, ಭಾವ," ಎಂದಿದ್ದ ಹೇಮರಾಜ. "ಸಹಿ ನೀವೇ ತನ್ನಿ."

ಸಂತೆಯ ದಿನವೇ ಸಂಜೆ ಚಂದ್ರರಾಜ ಅಂಗಳಕ್ಕೆ ಕಾಲಿಟ್ಟಾಗ ತಾಯಿ ಬಾವಿಕಟ್ಟೆಯಲ್ಲಿ ಕೊಡದ ಬಾಯಿಗೆ ಬಟ್ಟೆ ಕಟ್ಟಿ ನೀರು ಸೋಸುತ್ತಿದ್ದರು.

"ಬಂದೆಯಾ, ಕಪ್ಪೆ ಮಾಡುವವನೇ?" ಎಂದವರು ಸೆರಗಿನ ಗಂಟು ಬಿಚ್ಚಿ ಅಂಗೈ ಮುಂದೆ ಹಿಡಿದರು. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಹಾಲುಹಲ್ಲು. "ಅವಳದ್ದು. ಹೊಸತು ಬರಲಿ, ಮಾಡಿನ ಹಂಚಿಗೆ ಎಸೆಯುವ ಅಜ್ಜಿ, ಅಂದಿದ್ದಳು. ನಾಳೆ ಎಸೆಯುವ ಅಂದೆ. ನಾಳೆ ಜ್ವರ ಬಂತು. ಇದರಿಂದ ಅವಳನ್ನು ಮತ್ತೆ ಹುಟ್ಟಿಸಲಿಕ್ಕೆ ಆಗ್ತದಾ, ನಿನ್ನ ಆ ವಿಜ್ಞಾನಿಯನ್ನು ಕೇಳು."

ಚಂದ್ರರಾಜ ನಗಲು ಹೊರಟವನು, ಅವರ ಮುಖ ಕಂಡು ನಿಲ್ಲಿಸಿದ.

"ಅಮ್ಮಾ, ಅದು ಕಪ್ಪೆಯ ವಿಷಯ."

"ಮನುಷ್ಯರಿಗೂ ಆದೀತು ಅಂತ ಕೂಗಿದ್ದು ಯಾರು? ಊರವರಿಗೆ ಒಂದು ಮಾತು, ಮನೆಗೆ ಒಂದಾ?"

"ಅದಕ್ಕೆಲ್ಲ ಎಷ್ಟೋ ಕಾಲ ಬೇಕು."

"ಹಾಗಾದರೆ ಹಳೇ ದಾರಿಯೇ ಉಂಟಲ್ಲ. ಪದ್ಮನಿಗೆ ಇನ್ನೊಂದು ಹೆಣ್ಣಾಗಲಿ. ಅನಂತಮತಿ ಅಂತಲೇ ಹೆಸರಿಡುವ. ಬಳೆಗಳನ್ನೂ ಇಟ್ಟಿದ್ದೇನೆ."

"ಒಂದು ಹೆಣ್ಣುಮಗುವನ್ನು ದತ್ತು ತೆಗೆದುಕೊಳ್ಳುವ. ನಮ್ಮ ಕಟ್ಟುಕಟ್ಟಳೆಯಲ್ಲೇ ಅವಕಾಶ ಉಂಟು. ಅದೂ ಕಸಿಯ ಹಾಗೆಯೇ."

"ನನಗೆ ಕಸಿ ಕಲಿಸ್ತೀಯಾ? ಕಸಿಯಲ್ಲಿ ಬೇರು ಯಾರದ್ದೋ, ಹಣ್ಣು ನಮ್ಮದು. ದತ್ತಿನಲ್ಲಿ ಬೇರು ನಮ್ಮದು, ಹಣ್ಣು ಯಾರದ್ದೋ."

ಚಂದ್ರರಾಜನಿಗೆ ಮೈ ಉರಿದುಹೋಯಿತು. ಊರೂರು ತಿರುಗಿ ಸಂಪಾದಿಸಿದ ಉತ್ತರಗಳಲ್ಲಿ ಒಂದೂ ತನ್ನ ಮನೆಯ ಬಾವಿಕಟ್ಟೆಯಲ್ಲಿ ನಡೆಯಲಿಲ್ಲ. ಹೋಲಿಕೆ ಕೊಟ್ಟವನೂ ಅವನೇ, ಅದರಿಂದ ಪೆಟ್ಟು ತಿಂದವನೂ ಅವನೇ.

ತಾಯಿ ಮತ್ತೊಂದು ಕೊಡ ಎತ್ತಿ ಸೋಸತೊಡಗಿ, ಇದ್ದಕ್ಕಿದ್ದಂತೆ ಕೇಳಿದರು: "ಆ ಮನುಷ್ಯ ಒಂದು ಕಪ್ಪೆಗಾಗಿ ಎಷ್ಟನ್ನು ಕೊಂದ?"

"ನೂರಾರು ಮೊಟ್ಟೆ ಹಾಳಾದವಂತೆ. ಬದುಕಿದ್ದು ಕೆಲವೇ."

"ಪಾಪಿ."

ಆ ಒಂದು ಮಾತಿಗೆ ಅವನ ತಾಳ್ಮೆಯ ಕಟ್ಟೆ ಒಡೆಯಿತು. "ಪಾಪಿಯಾ? ನೀರಿನ ಹುಳ ಸಾಯಬಾರದು ಅಂತ ಬಟ್ಟೆ ಹಿಡಿತೀರಿ. ಕಾಣದ ಊರಿನ ಕಪ್ಪೆಮೊಟ್ಟೆಗೆ ಮರುಗ್ತೀರಿ. ಪದ್ಮನಿಗೆ ಹಿಡಿಯಲಿಕ್ಕೆ ನಿಮ್ಮ ಹತ್ತಿರ ಒಂದು ಬಟ್ಟೆಯೂ ಇಲ್ಲವಾ?"

"ಹುಳಕ್ಕೆ ಮನೆತನ ಇಲ್ಲ," ಎಂದರು ರಾಜಮತಿ. ಆದರೆ ಸುರಿಯುತ್ತಿದ್ದ ನೀರು ಬಟ್ಟೆ ತಪ್ಪಿ ಕಟ್ಟೆಯ ಮೇಲೆ ಚೆಲ್ಲಿತು.

ಪದ್ಮಲತಾ ಎಷ್ಟು ಹೊತ್ತಿನಿಂದ ಬಾಗಿಲಲ್ಲಿ ನಿಂತಿದ್ದಳೋ, ಯಾರೂ ನೋಡಿರಲಿಲ್ಲ.

"ಅಣ್ಣ, ಹುಟ್ಟಿದರೆ ಅವಳೇ ಆಗಿರ್ತಾಳಾ?"

"ಇಲ್ಲ."

"ಕಪ್ಪೆಯ ಹಾಗೆ ಮಾಡಿದರೂ?"

ಸಂತೆಯಲ್ಲಿ ಆಡದೆ ಬಿಟ್ಟ ಮಾತು ಈಗ ಬಾಯಿಗೆ ಬಂತು. "ಹಾಗೆ ಮಾಡಿದರೂ ಇಲ್ಲ. ಮುಖ ಒಂದೇ ಇದ್ದೀತು. ಬದುಕುವವಳು ಬೇರೆಯೇ."

"ಹಾಗಾದರೆ ಬಂದವಳು, ಪಾಪ, ಜನ್ಮವಿಡೀ ಸತ್ತವಳ ಬಳೆ ತೊಟ್ಟುಕೊಂಡು ಇರಬೇಕು. ನಾನಿದ್ದರೆ ಬೇಡ ಅಂತ ಹೇಳಿಯೇನು, ನಾನೂ ಇರುವುದಿಲ್ಲ." ಅವಳು ಕೈ ಚಾಚಿದಳು. "ಆ ಕಾಗದ ಕೊಡು."

ಶಾಲೆಯ ಮಗುವಿನಂತೆ ಒಂದೊಂದೇ ಅಕ್ಷರ ಒತ್ತಿ ಅವಳು ಸಹಿ ಮಾಡಿದಳು.

"ಮನೆಗೆ ಬೀಗ ಹಾಕಿದಿ ಪದ್ಮ," ಎಂದರು ತಾಯಿ. ಮಗಳು ಕಾಗದವನ್ನು ಅಣ್ಣನ ಕೈಗೆ ಕೊಟ್ಟಳು. ರಾಜಮತಿ ಸೋಸಿದ ಬಟ್ಟೆಯನ್ನು ಜಾಗ್ರತೆಯಿಂದ ಮಡಚಿ, ಅದರಲ್ಲಿ ಉಳಿದ ಜೀವಗಳನ್ನು ಎಂದಿನಂತೆ ಬಾವಿಗೆ ಮರಳಿ ಬಿಟ್ಟರು. ಆಮೇಲೆ ಹಲ್ಲನ್ನು ಮಗನ ಅಂಗೈಗೆ ಹಾಕಿದರು. "ಎಸೆ. ನನ್ನ ಕೈಯಿಂದ ಆಗುವುದಿಲ್ಲ."

ಗೆದ್ದವನಂತೆ ಅನಿಸಬೇಕಿತ್ತು, ಅನಿಸಲಿಲ್ಲ. ಚಂದ್ರರಾಜ ಅಂಗಳದ ನಡುವೆ ನಿಂತು ಬೀಸಿ ಎಸೆದ. ಹಲ್ಲು ಹಂಚಿನ ಮೇಲೆ ಟಿಕ್ಕೆಂದು ಬಿದ್ದು, ಜಾರಿ, ಅವನ ಕಾಲ ಬಳಿಗೇ ಬಂತು. ಮತ್ತೆ ಎಸೆದ. ಮತ್ತೆ ಉರುಳಿ ಬಂತು.

"ಎರಡು ವರ್ಷ ಭಾಷಣ ಮಾಡಿದ ಕೈ," ಎಂದರು ತಾಯಿ, ಕಟ್ಟೆಯ ಮೇಲಿಂದ. "ಒಂದು ಹಲ್ಲು ಎಸೆಯಲಿಕ್ಕೆ ಬರುವುದಿಲ್ಲ."

ಬಂಟ್ವಾಳಕ್ಕೆ ಹೋಗುವ ಕೊನೆಯ ಬಸ್ಸಿನ ಹಾರನ್ನು ತಿರುವಿನಲ್ಲಿ ಕೇಳಿಸಿತು. ಸಹಿ ಮಾಡಿದ ಕಾಗದವನ್ನು ಹಲ್ಲಲ್ಲಿ ಕಚ್ಚಿಕೊಂಡು, ಅವನು ಮೂರನೆಯ ಸಲ ಎಸೆಯಲೆಂದು ಬಗ್ಗಿ ನೆಲದಲ್ಲಿ ಹುಡುಕತೊಡಗಿದ.