ಎರಡನೇ ಹಳಿಯ ಮೇಲೆ ತೊಟ್ಟಿಲು

ಕಲ್ಲುಗುಂಟೆ ಸ್ಟೇಷನ್ನಿಗೆ ಎರಡನೇ ಹಳಿ ಬರಬೇಕೆಂದು ನಾನು ಆಡಿದಷ್ಟು ಜಗಳವನ್ನು ಕಟ್ಟಿಕೊಂಡ ಗಂಡನ ಜೊತೆಗೂ ಆಡಿಲ್ಲ. ಬೈಯಪ್ಪನಹಳ್ಳಿಯಿಂದ ಹೊಸೂರಿನ ಕಡೆ ಹೋಗುವಾಗ ದೊಡ್ಡನೆಕ್ಕುಂದಿ ಕಳೆದ ಮೇಲೆ ಸಿಗುವ ಪುಟ್ಟ ಸ್ಟೇಷನ್ ಅದು. ಒಂದು ಪ್ಲಾಟ್‌ಫಾರ್ಮು, ಸದಾ ಬೀಗ ಹಾಕಿದ ಶೌಚಾಲಯ, ಅರ್ಧ ಹೆಸರು ಅಳಿಸಿಹೋದ ಬೋರ್ಡು. ಇದ್ದದ್ದು ಒಂಟಿ ಹಳಿ. ಎದುರಿನಿಂದ ಏನೇ ಬಂದರೂ ನಮ್ಮ ಲೋಕಲ್ ರೈಲು ಎಲ್ಲೋ ಪೊದೆಯ ಪಕ್ಕ ನಿಂತು ದಾರಿ ಬಿಡಬೇಕಿತ್ತು. ಅದನ್ನು ನಂಬಿ ಹೊರಟವರಿಗೆ ಕಂಟೋನ್ಮೆಂಟಿನಲ್ಲಿ ಊರಿಗೆ ಹೋಗುವ ರೈಲಿನ ಬೆನ್ನು ಮಾತ್ರ ಕಾಣುತ್ತಿತ್ತು.

ನಾನು ಪ್ರಯಾಣಿಕರ ಸಂಘದ ಕಾರ್ಯದರ್ಶಿ. ಸಂಘವೆಂದರೆ ನಾನು ಮತ್ತು ಜಾಫರ್, ಅಷ್ಟೇ. ಜಾಫರ್ ಪುಲಿಕೇಶಿನಗರದವನು, ದಿನಾ ಇದೇ ಲೋಕಲ್ಲಿನಲ್ಲಿ ಇಲ್ಲಿನ ಕಾರ್ಖಾನೆಗೆ ಬರುತ್ತಾನೆ. ಇಬ್ಬರೂ ಸೇರಿ ಕಚೇರಿಗಳಿಗೆ ಅಲೆದು ಚಪ್ಪಲಿ ಸವೆಸಿದೆವು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ನಮ್ಮ ಪಾಲಿಗೆ ಪೂಜಾರಿಗಳೇ ಹತ್ತಾರು ಜನ ಇದ್ದರು.

ಹಳಿಯ ಆಚೆ ಬದಿ, ಪ್ಲಾಟ್‌ಫಾರ್ಮಿಗೆ ಎದುರಾಗಿ, ನಮ್ಮ ವಠಾರವಿದೆ. ನನ್ನ ಮಾವ ಮುನಿಆಂಜನಪ್ಪ ಅಲ್ಲಿ ಸೊಪ್ಪು ಬೆಳೆಯುತ್ತಿದ್ದರು. ಈಗ ಸೊಪ್ಪಿನ ಮಡಿಗಳ ಜಾಗದಲ್ಲಿ ಬಾಡಿಗೆ ರೂಮುಗಳಿವೆ, ಬಾಡಿಗೆದಾರರೆಲ್ಲ ಯಾದಗಿರಿ ಕಡೆಯವರು. ಸೊಪ್ಪಿನ ಕಟ್ಟು ಹೊತ್ತು ರೈಲಿಗೆ ಓಡಲು ಅನುಕೂಲವಾಗಲೆಂದು ಮಾವ ಕಾಂಪೌಂಡಿನಲ್ಲಿ ಒಂದು ಸಣ್ಣ ಗೇಟು ಇಡಿಸಿದ್ದರು. ಅದು ನೇರ ಹಳಿಯ ಕಡೆಗೇ ತೆರೆಯುತ್ತದೆ. ರೂಮು ನೋಡಲು ಬಂದವರಿಗೆ ನಾನು ಅಡುಗೆಮನೆಗಿಂತ ಮೊದಲು ಆ ಗೇಟನ್ನು ತೋರಿಸುತ್ತಿದ್ದೆ. ಸ್ಟೇಷನ್ ಬಾಗಿಲಲ್ಲೇ ಇದೆ ನೋಡಿ ಅನ್ನುತ್ತಿದ್ದೆ. ಹೀಗಾಗಿ ವಠಾರದವರು ಯಾರೂ ಪ್ಲಾಟ್‌ಫಾರ್ಮಿನ ಕಡೆ ಇಳಿದವರೇ ಅಲ್ಲ. ರೈಲು ನಿಂತರೆ ಎದುರು ಬಾಗಿಲಿಂದ ಜಲ್ಲಿಯ ಮೇಲೆ ಧುಮುಕುವುದು, ನಾಲ್ಕು ಹೆಜ್ಜೆ ಹಾಕುವುದು, ಗೇಟು ತಳ್ಳಿ ಮನೆ ಸೇರುವುದು.

ಹೊಸ ಹಳಿ ಬಂದದ್ದು ಸರಿಯಾಗಿ ಆ ನಾಲ್ಕು ಹೆಜ್ಜೆಯ ಮೇಲೆ. ಹಾಸಿದ ಮೇಲೂ ತಿಂಗಳುಗಟ್ಟಲೆ ಅದರ ಮೇಲೆ ರೈಲು ಓಡಲಿಲ್ಲ. ವಠಾರದ ಹೆಂಗಸರು ಅಲ್ಲಿ ಮೆಣಸಿನಕಾಯಿ ಒಣಗಿಸಿದರು. ಮೇಲ್ಸೇತುವೆಯನ್ನೂ ಕಟ್ಟಿದರು, ಆದರೆ ಮೆಟ್ಟಿಲು ಇದ್ದದ್ದು ಪ್ಲಾಟ್‌ಫಾರ್ಮಿನ ಕಡೆ ಮಾತ್ರ. ನಮ್ಮ ಕಡೆ ಸೇತುವೆ ಗಾಳಿಯಲ್ಲಿ ನಿಂತಿತ್ತು, ಮೆಟ್ಟಿಲು ಮುಂದಿನ ಹಂತದಲ್ಲಂತೆ. ಗಾಳಿ ಬಂದಾಗ ತೂರಿಕೋ ಎಂದು ನಾನೂ ಒಪ್ಪಿದ್ದೆ. ಮೊದಲು ರೈಲು ಬರಲಿ, ಮೆಟ್ಟಿಲು ಎಲ್ಲಿಗೆ ಓಡಿಹೋಗುತ್ತೆ ಅಂದಿದ್ದೆ. ಅಲ್ಲಿಯವರೆಗೆ ವಠಾರದವರು ಊರು ಸುತ್ತಿ ಅಂಡರ್‌ಪಾಸಿನಲ್ಲಿ ಹಾದು ಬರಬೇಕು.

ಉದ್ಘಾಟನೆಯ ಹಿಂದಿನ ದಿನ ನಾನೇ ಮನೆಮನೆಗೆ ಹೋಗಿ ಹೇಳಿದೆ.

"ನಾಳೆಯಿಂದ ಈ ಕಡೆ ಇಳಿಯಂಗಿಲ್ಲ. ಹೊಸ ಹಳಿ ಮೇಲೆ ಎಕ್ಸ್‌ಪ್ರೆಸ್ ಬರುತ್ತೆ, ಇಲ್ಲಿ ನಿಲ್ಲಲ್ಲ. ಗೊತ್ತಾಯ್ತಾ?"

ಎಲ್ಲರೂ ತಲೆ ಆಡಿಸಿದರು. ಮೊದಲ ರೂಮಿನ ಸಾಬಮ್ಮನೂ ಆಡಿಸಿದಳು. ಅವಳ ತಲೆಯಲ್ಲಿ ಬೇರೆ ಸಡಗರವಿತ್ತು. ಸೊಸೆ ರೇವತಿ ಬಾಣಂತನ ಮುಗಿಸಿ ಮರುದಿನ ಕೂಸಿನೊಂದಿಗೆ ಬರುವವಳಿದ್ದಳು. ಕರೆತರಲು ಮಗ ಶಿವಪುತ್ರ ಹೋಗಿದ್ದ.

"ತವರಿಂದ ತೊಟ್ಲಾ ಬರ್ಲತ್ತದ್ರಿ ಅಕ್ಕೋರ, ಸಾಗವಾನಿ ತೊಟ್ಲಾ" ಎಂದಳು. "ದಾರ್‍ಯಾಗ ಎಲ್ಲೂ ನೆಲಕ್ಕ ಇಡಬಾರ್ದು. ತವರಿನ ತೊಟ್ಲಾ ಕೈಯಿಂದ ಕೈಗೇ ಬಂದು ಮನ್ಯಾಗ ಇಳೀಬೇಕು. ನಮ್ಮ ಪದ್ಧತಿ."

"ಇಳೀಲಿ ಬಿಡು, ಒಳ್ಳೇದೇ" ಅಂದು ಮುಂದಿನ ಬಾಗಿಲು ತಟ್ಟಿದೆ. ಅಷ್ಟು ದೊಡ್ಡ ತೊಟ್ಟಿಲನ್ನು ಹೊತ್ತವನು ಯಾವ ಕಡೆ ಇಳಿಯುತ್ತಾನೆಂದು ನನಗೆ ಹೊಳೆಯಲೇ ಇಲ್ಲ.

ಮರುದಿನ ಬೆಳಿಗ್ಗೆ ಪ್ಲಾಟ್‌ಫಾರ್ಮಿನಲ್ಲಿ ಶಾಮಿಯಾನ, ಮಾವಿನ ತೋರಣ. ವಾಲಗದವರನ್ನು ಹಲಸೂರಿನಿಂದ ನಾನೇ ಕರೆಸಿದ್ದೆ. ಕಂಟೋನ್ಮೆಂಟಿನಿಂದ ಬರುವ ಲೋಕಲ್ಲಿಗೆ ಹಸಿರು ಬಾವುಟ ತೋರಿಸಲು ಅಧಿಕಾರಿ ಇಸ್ತ್ರಿ ಅಂಗಿಯಲ್ಲಿ ನಿಂತಿದ್ದರು. ಅದು ನಿಂತಿರುವಾಗಲೇ ಹೊಸ ಹಳಿಯ ಮೇಲೆ ಹೊಸೂರಿನ ಕಡೆಯಿಂದ ಹೂವಿನ ಹಾರ ಹಾಕಿಕೊಂಡ ಎಕ್ಸ್‌ಪ್ರೆಸ್ ಹಾದುಹೋಗಬೇಕು. ಎರಡೂ ರೈಲು ಒಂದೇ ಫೋಟೋದಲ್ಲಿ ಬರಲೆಂದು ಈ ಏರ್ಪಾಡು.

ಲೋಕಲ್ ಬಂದು ನಿಂತಿತು. ವಾಲಗ ಜೋರಾಯಿತು. ಜನ ಇಳಿದರು. ನನ್ನ ಕಣ್ಣು ರೇವತಿಯನ್ನು ಹುಡುಕುತ್ತಿತ್ತು, ಅವಳು ಕಾಣಲಿಲ್ಲ.

"ಅಕ್ಕಾ, ಎಕ್ಸ್‌ಪ್ರೆಸ್ ಹಿಂದಿನ ಸ್ಟೇಷನ್ ಬಿಟ್ಟಾಯ್ತಂತೆ" ಎಂದು ಜಾಫರ್ ಕಿವಿಯ ಹತ್ತಿರ ಬಂದು ಹೇಳಿದ. "ಬನ್ನಿ, ಫೋಟೋಗೆ ನಿಂತ್ಕೊಳ್ಳಿ."

ಆಗಲೇ ನನಗೆ ಬೋಗಿಯೊಂದರ ತೆರೆದ ಬಾಗಿಲುಗಳ ಮೂಲಕ ಆಚೆ ಬದಿ ಕಂಡದ್ದು. ಹಸಿರು ಸೀರೆ, ಕೈಯಲ್ಲಿ ಆರತಿ ತಟ್ಟೆ. ಸಾಬಮ್ಮ. ಅವಳ ಹಿಂದೆ ವಠಾರದ ಹೆಂಗಸರೆಲ್ಲ ಹೊಸ ಸೀರೆ ಉಟ್ಟು ಗೇಟಿನ ಬಾಯಿಗೆ ಮುತ್ತಿಕೊಂಡಿದ್ದರು. ಅರ್ಧ ಜನ ಹೊಸ ಹಳಿಯ ಮೇಲೆಯೇ ನಿಂತಿದ್ದರು.

ಕೂಗಿದೆ. ನನ್ನ ಪಕ್ಕದಲ್ಲಿದ್ದ ಜಾಫರನಿಗೇ ಕೇಳಿಸಲಿಲ್ಲ. ಹೊಸ ಸ್ಪೀಕರಿನಲ್ಲಿ ಯಾರೋ ಮೂರು ಭಾಷೆಯಲ್ಲಿ ಎಚ್ಚರಿಕೆ ಹೇಳುತ್ತಿದ್ದರು. ನಾನು ದುಡ್ಡು ಕೊಟ್ಟು ತರಿಸಿದ ವಾಲಗದ ಮುಂದೆ ಒಂದು ಭಾಷೆಯೂ ನಡೆಯಲಿಲ್ಲ.

ಸೀರೆ ಎತ್ತಿ ಕಟ್ಟಿ ಓಡಿದೆ. ಅಧಿಕಾರಿ "ಮೇಡಂ, ಮೇಡಂ" ಅನ್ನುತ್ತಿದ್ದರು. ಬೋಗಿ ಹತ್ತಿ, ಇಳಿಯುವವರನ್ನು ಮೊಣಕೈಯಿಂದ ನೂಕಿ ಆಚೆ ಬಾಗಿಲಿಗೆ ಹೋದೆ. ಅಲ್ಲಿ ರೇವತಿ ತಲೆಗೆ ಬಟ್ಟೆ ಕಟ್ಟಿ, ಕೂಸನ್ನು ಎದೆಗೆ ಒತ್ತಿಕೊಂಡು, ಒಂದು ಕಾಲನ್ನು ಆಗಲೇ ಕೆಳಗಿನ ಮೆಟ್ಟಿಲಿಗೆ ಇಟ್ಟಿದ್ದಳು. ನಾನು ಅವಳ ರಟ್ಟೆ ಹಿಡಿದು ಎಳೆದ ರಭಸಕ್ಕೆ ಇಬ್ಬರೂ ಬೋಗಿಯೊಳಗೆ ಕುಕ್ಕರಿಸಿದೆವು. ಕೂಸು ಕಿಟಾರನೆ ಕಿರುಚಿತು.

"ಇಳೀಬೇಡ. ರೈಲು ಬರ್ತಾ ಇದೆ" ಅಂದೆ.

"ರೈಲಿನಾಗೇ ಇದೀವಲ್ರಿ" ಅಂದಳು ಅವಳು, ಕಕ್ಕಾಬಿಕ್ಕಿಯಾಗಿ.

ಎದ್ದು ಬಾಗಿಲಿಂದ ತಲೆ ಹಾಕಿದೆ. ಶಿವಪುತ್ರ ಹೊಸ ಹಳಿಯ ನಟ್ಟನಡುವೆ ನಿಂತಿದ್ದ. ತಲೆಯ ಮೇಲೆ ತೊಟ್ಟಿಲು, ಅದರ ಕಾಲುಗಳಿಗೆ ಬಣ್ಣ ಬಳಿದ ಮರದ ಗಿಣಿಗಳು. ಹೆಂಡತಿ ಇಳಿದ ಮೇಲೆ ಜೊತೆಗೇ ಆರತಿ ಎತ್ತಿಸಿಕೊಂಡು ಒಳಗೆ ಹೋಗೋಣವೆಂದು ನಗುತ್ತಾ ಕಾಯುತ್ತಿದ್ದ. ಅವನ ಹಿಂದೆ, ನೀಲಗಿರಿ ತೋಪಿನ ತಿರುವಿನಲ್ಲಿ, ಚೆಂಡುಹೂವಿನ ಹಾರ ಹಾಕಿಕೊಂಡ ಎಂಜಿನ್ನು ಕಾಣಿಸಿತು.

ಎಂಜಿನ್ನು ಕೂಗಿತು. ಹೆಂಗಸರು ಚೀರುತ್ತಾ ಗೇಟಿನ ಕಡೆ ನುಗ್ಗಿದರು. ಅಷ್ಟು ಜನ ಆ ಕಿರಿದಾದ ಗೇಟಿನಲ್ಲಿ ಸಿಕ್ಕಿಕೊಂಡ ಮೇಲೆ ಶಿವಪುತ್ರನಿಗೆ ಮುಂದೆ ದಾರಿ ಉಳಿಯಲಿಲ್ಲ. ನನ್ನ ಕಡೆ ತಿರುಗಿದ. ತೊಟ್ಟಿಲು ಹೊತ್ತು ಬೋಗಿ ಹತ್ತಲಾಗದು, ಎರಡು ರೈಲಿನ ನಡುವೆ ಅದನ್ನು ಹಿಡಿದು ನಿಲ್ಲಲೂ ಆಗದು.

"ಕೆಳಗೆ ಹಾಕೋ ಅದನ್ನ" ಎಂದು ಅರಚಿದೆ. ಅವನು ನನ್ನ ಮುಖ ನೋಡಿದ, ಅಮ್ಮನ ಮುಖ ನೋಡಿದ, ತೊಟ್ಟಿಲನ್ನು ಮಾತ್ರ ಬಿಡಲಿಲ್ಲ. ಯಾರಾದರೂ ಕೈ ಚಾಚಿ ತೆಗೆದುಕೊಳ್ಳುತ್ತಾರೇನೋ ಎಂದು ಹುಡುಕುತ್ತಿದ್ದ. ಪ್ರಾಣ ಹೋಗುವ ಹೊತ್ತಿನಲ್ಲೂ ಅವನಿಗೆ ಪದ್ಧತಿಯೇ ತಲೆಯಲ್ಲಿತ್ತು. ಅದನ್ನು ಇಳಿಸುವ ಹಕ್ಕು ಒಬ್ಬಳಿಗೇ ಇದ್ದದ್ದು.

ಸಾಬಮ್ಮ ಗೇಟಿನ ಕಡೆ ಓಡಿರಲಿಲ್ಲ. ಹಳಿಯ ಆಚೆ, ಕಾಂಪೌಂಡಿಗೆ ಬೆನ್ನು ಒತ್ತಿ, ಆರತಿ ಹಿಡಿದು ನಿಂತೇ ಇದ್ದಳು.

"ಬಿಡಲೇ ಶಿವ್ಯಾ. ನೆಲಕ್ಕ ಬಿಡು. ತೊಟ್ಲಾ ಬಿಟ್ಟು ಓಡು ಮಗನ."

ಅವನು ಬಿಟ್ಟ. ತೊಟ್ಟಿಲು ಹಳಿಯ ಮೇಲೆ ಬಿತ್ತು. ಅವನು ನೆಗೆದು ನಮ್ಮ ಬೋಗಿಯ ಕಂಬಿ ಹಿಡಿದ. ನನ್ನ ಕೈಗೆ ಅಂಗಿಯ ಕೊರಳಪಟ್ಟಿ ಸಿಕ್ಕಿತು. ನನ್ನ ಹಿಂದೆಯೇ ಓಡಿಬಂದಿದ್ದ ಜಾಫರ್ ಅವನ ತೋಳು ಹಿಡಿದು "ಯಾ ಅಲ್ಲಾ" ಎನ್ನುತ್ತಾ ಎಳೆದುಕೊಂಡ. ಕೆಳಗೆ ಮರ ಸಿಡಿದ ಸದ್ದಾಯಿತು. ಆಮೇಲೆ ಮುಖಕ್ಕೆ ಬಿಸಿ ಗಾಳಿ, ಧೂಳು, ಒಂದರ ಹಿಂದೆ ಒಂದು ಬೋಗಿ.

ಆ ರೈಲಿನ ಆಚೆ ಒಬ್ಬ ತಾಯಿ ನಿಂತಿದ್ದಳು. ಮಗ ಬದುಕಿದ್ದಾನೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ, ಹೇಳಲು ನಮಗೆ ದಾರಿ ಇರಲಿಲ್ಲ. ರೈಲಿನಲ್ಲಿದ್ದವರು ಕಿಟಕಿಯಿಂದ ನಮ್ಮ ಕಡೆ ಕೈ ಬೀಸುತ್ತಾ ಹೋದರು. ಈ ರೈಲಿಗಾಗಿ ವರ್ಷಗಟ್ಟಲೆ ಕಾದವಳು ನಾನು. ಅದು ಒಮ್ಮೆ ಮುಗಿದು ಹೋದರೆ ಸಾಕು ಎಂದು ಪಟಾಲಮ್ಮನಿಗೆ ಹರಕೆ ಹೊತ್ತೆ.

ಕೊನೆಯ ಬೋಗಿ ದಾಟಿತು. ಸಾಬಮ್ಮ ಅಲ್ಲೇ ಇದ್ದಳು. ತಟ್ಟೆಯ ದೀಪ ಆರಿತ್ತು, ಸೆರಗಿನ ತುಂಬ ಕುಂಕುಮ ಚೆಲ್ಲಿತ್ತು. ಬಾಗಿಲಲ್ಲಿ ಕೂತಿದ್ದ ಮಗನನ್ನು ಕಂಡಳು, ಸೊಸೆಯನ್ನು ಕಂಡಳು. ಅಳಲಿಲ್ಲ. ಮಗನ ಕಡೆ ಒಂದು ಹೆಜ್ಜೆ ಇಟ್ಟವಳು ಹಳಿಯ ಕಡೆ ನೋಡಿ ಕಾಲು ಹಿಂದಕ್ಕೆ ತೆಗೆದಳು.

"ಅಕ್ಕೋರ, ಕೂಸಿನ್ನ ಯಾವ ದಾರೀಲಿ ಕರ್ಕೊಂಡ್ ಬರ್ತೀರಿ?" ಎಂದು ಅಲ್ಲಿಂದಲೇ ಕೇಳಿದಳು.

ಪ್ಲಾಟ್‌ಫಾರ್ಮಿಗೆ ಇಳಿದಾಗ ಅಧಿಕಾರಿ ಬೆವರು ಒರೆಸಿಕೊಳ್ಳುತ್ತಿದ್ದರು. "ಸದ್ಯ, ಯಾರಿಗೂ ಏನೂ ಆಗ್ಲಿಲ್ವಲ್ಲ. ಬಾವುಟ ಒಂದು ತೋರಿಸಿಬಿಡೋಣ, ಗಾಡಿ ಲೇಟಾಗುತ್ತೆ."

"ತೋರಿಸಿ. ನಿಮ್ಮ ಬಾವುಟ, ನಿಮ್ಮ ಗಾಡಿ" ಅಂದೆ. "ಆ ಮೆಟ್ಟಿಲು ಹಾಕೋವರೆಗೂ ನನ್ನ ಮುಖ ನಿಮ್ಮ ಯಾವ ಫೋಟೋದಲ್ಲೂ ಇರಲ್ಲ. ಕಚೇರಿ ಬಾಗಿಲಲ್ಲಿ ಮಾತ್ರ ದಿನಾ ಇರುತ್ತೆ."

ಹೇಳಿದ್ದೇನೋ ಗತ್ತಿನಿಂದಲೇ. ಆದರೆ ಮೆಟ್ಟಿಲು ಆಮೇಲೆ ಅಂದ ಬಾಯಿಯೂ ಇದೇ ಎಂದು ನೆನಪಾಗಿ ಕಿವಿ ಬಿಸಿಯಾಯಿತು.

ಕೂಸನ್ನು ನಾನೇ ಎತ್ತಿಕೊಂಡೆ. ರೇವತಿ ಗಂಡನ ತೋಳು ಹಿಡಿದು ಹಿಂದೆ ಬಂದಳು. ಸ್ಟೇಷನ್ನಿನ ಮುಂದಿನ ಹೊಸ ಸಿಮೆಂಟು ರಸ್ತೆ, ಕಾರ್ಖಾನೆಯ ಗೋಡೆ, ಮಾರತ್ತಹಳ್ಳಿಯ ಟ್ರಾಫಿಕ್ಕು, ಆಮೇಲೆ ಅಂಡರ್‌ಪಾಸು. ಒಳಗೆ ಮೋರಿ ನೀರು ನಿಂತಿತ್ತು. ಶಿವಪುತ್ರ ಹೆಂಡತಿಯನ್ನು ಎತ್ತಿಕೊಂಡು ದಾಟಿಸಿದ. ಆಟೋದವನೊಬ್ಬ ಹಾರನ್ ಹೊಡೆದ, ಅವನ ವಂಶವನ್ನೆಲ್ಲ ನೆನೆದು ಬೈದೆ. ಬಾಗಿಲಲ್ಲೇ ಸ್ಟೇಷನ್ ಎಂದು ನಾನು ಕೂಗಿ ಮಾರಿದ ವಠಾರ ಅಷ್ಟು ದೂರವಿದೆಯೆಂದು ನನಗೆ ಗೊತ್ತಾದದ್ದು ಅವತ್ತೇ.

ಸಾಬಮ್ಮ ಮತ್ತೆ ದೀಪ ಹಚ್ಚಿ ಆರತಿ ಎತ್ತಿದಳು. ತನ್ನದೊಂದು ಹಳೆಯ ಸೀರೆಯನ್ನು ರೂಮಿನ ಕೊಕ್ಕೆಗೆ ಜೋಲಿ ಕಟ್ಟಿ ಕೂಸನ್ನು ಮಲಗಿಸಿದಳು.

ನಾನು ಮನೆಯಿಂದ ಸರಪಳಿ ತಂದು ಮಾವನ ಗೇಟಿಗೆ ಸುತ್ತಿ ಬೀಗ ಜಡಿದೆ. ಕಂಬಿಯ ಸಂದಿನಿಂದ, ಜಲ್ಲಿಯ ಮೇಲೆ ಚೆಂಡುಹೂವಿನ ಎಸಳುಗಳ ಜೊತೆ ಒಂದು ಗಿಣಿ ಬಿದ್ದಿರುವುದು ಕಾಣುತ್ತಿತ್ತು. ಸಾಬಮ್ಮ ಬಂದು ಪಕ್ಕದಲ್ಲಿ ನಿಂತಳು. ಎದುರಿಗೆ ಬಣ್ಣ ಬಳಿದ ಸ್ಟೇಷನ್ನು, ಹೊಸ ಬೋರ್ಡು, ನಮ್ಮ ತಲೆಯ ಮೇಲೆ ಮೆಟ್ಟಿಲಿಲ್ಲದ ಸೇತುವೆ.

"ಸ್ಟೇಷನ್ ಭಾಳ ಛಲೋ ಆಯ್ತು ಬಿಡ್ರಿ" ಎಂದಳು. ಕೊಂಕು ಮಾತಲ್ಲ, ಅವಳಿಗೆ ಕೊಂಕು ಬರುವುದಿಲ್ಲ.

"ಮೆಟ್ಟಿಲು ಹಾಕಿಸ್ತೀನಿ ಸಾಬಮ್ಮ."

ಅವಳು ಸೇತುವೆಯನ್ನು ನೋಡಿದಳು. ಆಮೇಲೆ ಗೇಟಿನ ಕೆಳಗೆ, ಮಗುವೊಂದು ನುಸುಳುವಷ್ಟು ಇದ್ದ ಸಂದನ್ನು ನೋಡಿದಳು.

"ಕೂಸು ನಡೆಯೋದು ಕಲಿಯೋದ್ರೊಳಗ ಆಗ್ತದೇನ್ರಿ?"

ಕೆಳಗೆ ಕೂತು, ಕೈಗೆ ಸಿಕ್ಕ ಜಲ್ಲಿಕಲ್ಲುಗಳನ್ನು ಆ ಸಂದಿಗೆ ತುಂಬತೊಡಗಿದೆ.